ಪಿಶಾಚಿಯ ತಲೆಗೆ ಕಟ್ಟಿದ ಮನುಷ್ಯರ ಪಾಪ

ಸಿನಿಮಾ ನೋಡಬಾರದೆಂದು ಹಿರಿಯರು ಕಟ್ಟಪ್ಪಣೆ ಮಾಡಿರುವ ಮನೆಗಳಲ್ಲಿಯೂ ಇಂದು ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ರಾತ್ರಿ ಹೊದಿಕೆಯೊಳಗೆ ಅವರು ಏನನ್ನು ನೋಡುತ್ತಿದ್ದಾರೆಂಬುದು ಹಿರಿಯರಿಗೆ ತಿಳಿಯದು. ಭೂತ, ಪಿಶಾಚಿ, ಮಾಟ, ಮಂತ್ರಗಳ ಭಯಾನಕ ಚಿತ್ರಗಳ ಕಡೆಗೆ ಹರೆಯದವರಿಗಿರುವ ಸೆಳೆತ ಹೊಸತೇನಲ್ಲ. ಅವೆಲ್ಲ ಹರಾಮ್ ಎಂದು ಸಾರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಚಿತ್ರಗಳಲ್ಲಿ ಕೆಲವು ಭಯದ ಜೊತೆಗೆ ಚರಿತ್ರೆಯನ್ನೂ ಬಡಿಸುತ್ತವೆ. ಆ ಚರಿತ್ರೆಯಲ್ಲಿ ನಮಗೂ ಪಾಲಿದೆ ಎಂಬುದನ್ನು ಗಮನಿಸಿದವರು ಕಡಿಮೆ.

2023ರಲ್ಲಿ ತೆರೆಕಂಡ 'ದಿ ಪೋಪ್ಸ್ ಎಕ್ಸಾರ್ಸಿಸ್ಟ್' ಎಂಬ ಚಿತ್ರವನ್ನೇ ನೋಡಿ. ರಸೆಲ್ ಕ್ರೋವ್ ನಟಿಸಿರುವ ಈ ಚಿತ್ರದಲ್ಲಿ ರೋಮಿನ ಪಾದ್ರಿಯೊಬ್ಬರು ಸ್ಪೇನಿನ ಹಳೆಯ ಮಠವೊಂದಕ್ಕೆ ಪಿಶಾಚಿ ಬಿಡಿಸಲು ಹೋಗುತ್ತಾರೆ. ಮಠದ ನೆಲಮಾಳಿಗೆಯಲ್ಲಿ ಅವರಿಗೊಂದು ರಹಸ್ಯ ದೊರೆಯುತ್ತದೆ. ಸ್ಪೇನಿನ ಇನ್‌ಕ್ವಿಸಿಶನ್ ಎಂಬ ಕುಖ್ಯಾತ ಧರ್ಮವಿಚಾರಣಾ ಪೀಠದ ಹುಟ್ಟಿಗೆ ಕಾರಣನಾದ ಸನ್ಯಾಸಿಯ ಮೈಮೇಲೆ ಒಂದು ಪಿಶಾಚಿ ಬಂದಿತ್ತಂತೆ! ಚರ್ಚಿನೊಳಗೆ ನುಸುಳಿ ಅಷ್ಟೆಲ್ಲ ಘೋರಗಳನ್ನು ಮಾಡಿಸಿದ್ದು ಆ ಪಿಶಾಚಿಯೇ ಅಂತೆ! ಅಂದರೆ ಶತಮಾನಗಳ ಕಾಲ ನಡೆದ ಸೆರೆ, ಚಿತ್ರಹಿಂಸೆ, ಸಜೀವ ದಹನಗಳಿಗೆ ರಾಜನಾಗಲಿ, ರಾಣಿಯಾಗಲಿ, ಧರ್ಮಾಧಿಕಾರಿಯಾಗಲಿ ಹೊಣೆಯಲ್ಲ.

ಇದೊಂದು ಕತೆ ಮಾತ್ರ, ಇದರ ಮೇಲೆ ಇಷ್ಟು ಸಿಟ್ಟೇಕೆ ಎಂದು ಕೆಲವರು ಕೇಳಬಹುದು. ಹಾಗೆ ಕೇಳುವವರು ಮೊದಲು ಆ ಪೀಠದ ಚರಿತ್ರೆಯನ್ನು ತಿಳಿಯಬೇಕು.

ಮಾತು ಕೊಟ್ಟವರು, ಮಾತು ಮುರಿದವರು

ಸ್ಪೇನಿನ ಇನ್‌ಕ್ವಿಸಿಶನ್‌ಗೆ ಪೋಪರ ಅನುಮತಿ ದೊರೆತದ್ದು 1478ರಲ್ಲಿ. ಅದನ್ನು ಬೇಡಿ ಪಡೆದವರು ರಾಣಿ ಇಸಾಬೆಲ್ಲಾ ಮತ್ತು ರಾಜ ಫರ್ಡಿನೆಂಡ್. 1483ರಲ್ಲಿ ತೊರ್ಕೆಮಾದ ಎಂಬ ಸನ್ಯಾಸಿ ಅದರ ಮುಖ್ಯಸ್ಥನಾದ. ಅದರ ಮೊದಲ ಬಲಿಪಶುಗಳು ಯಹೂದಿ ಮೂಲದವರು. ಒತ್ತಡದಿಂದಲೋ ಪ್ರಾಣಭಯದಿಂದಲೋ ಕ್ರೈಸ್ತರಾಗಿ, ಒಳಗೊಳಗೆ ಹಳೆಯ ಧರ್ಮವನ್ನು ಉಳಿಸಿಕೊಂಡಿದ್ದಾರೆಂಬ ಸಂಶಯಕ್ಕೆ ಗುರಿಯಾದವರು. ಆರಂಭದ ದಶಕಗಳಲ್ಲಿ ಬೆಂಕಿಗೆ ಆಹುತಿಯಾದವರಲ್ಲಿ ಅವರದೇ ಅತಿ ದೊಡ್ಡ ಪಾಲು. ಈ ಸತ್ಯವನ್ನು ಹೇಳಲು ನಮ್ಮ ನಾಲಿಗೆ ತಡವರಿಸಬೇಕಾಗಿಲ್ಲ.

ನಮ್ಮವರ ಸರದಿ ಅನಂತರ ಬಂತು. 1491ರ ನವೆಂಬರಿನಲ್ಲಿ ಗ್ರಾನಡಾದ ಸುಲ್ತಾನ ಅಬೂ ಅಬ್ದುಲ್ಲಾನ ಜೊತೆ ಒಪ್ಪಂದವಾಯಿತು. ಮಸೀದಿಗಳು ಉಳಿಯುತ್ತವೆ, ಶರೀಅತ್‌ನಂತೆ ನ್ಯಾಯತೀರ್ಮಾನ ಮುಂದುವರಿಯುತ್ತದೆ, ಯಾರನ್ನೂ ಬಲವಂತದಿಂದ ಮತಾಂತರಿಸುವುದಿಲ್ಲ ಎಂದು ಅದರಲ್ಲಿ ಮಾತು ಕೊಡಲಾಗಿತ್ತು. 1492ರ ಜನವರಿ 2ರಂದು ಗ್ರಾನಡಾ ಶರಣಾಯಿತು. ಅದೇ ವರ್ಷ ಮಾರ್ಚ್ 31ರಂದು ಯಹೂದಿಯರನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಟಿತು. ಹಾಗೆ ಹೊರಟವರಲ್ಲಿ ಬಹಳಷ್ಟು ಮಂದಿಗೆ ಆಶ್ರಯ ಕೊಟ್ಟವರು ಉಸ್ಮಾನೀ ಸುಲ್ತಾನ ಎರಡನೆಯ ಬಾಯಝೀದ್ ಎಂಬುದೂ ಚರಿತ್ರೆಯೇ.

ಮುಸ್ಲಿಮರಿಗೆ ಕೊಟ್ಟ ಮಾತು ಹತ್ತು ವರ್ಷವೂ ಬಾಳಲಿಲ್ಲ. 1499ರಲ್ಲಿ ಸಿಸ್ನೆರೋಸ್ ಎಂಬ ಆರ್ಚ್‌ಬಿಷಪ್ ಗ್ರಾನಡಾಕ್ಕೆ ಬಂದು ಸಾಮೂಹಿಕ ಮತಾಂತರವನ್ನು ಆರಂಭಿಸಿದ. ನಗರದ ಚೌಕದಲ್ಲಿ ಅರಬೀ ಗ್ರಂಥಗಳ ರಾಶಿಗೆ ಬೆಂಕಿ ಬಿತ್ತು. ವೈದ್ಯಶಾಸ್ತ್ರದ ಗ್ರಂಥಗಳನ್ನು ಮಾತ್ರ ಉಳಿಸಿ ಒಯ್ಯಲಾಯಿತು. ಸುಡುವವರಿಗೂ ಔಷಧ ಬೇಕಿತ್ತಲ್ಲವೇ? 1502ರಲ್ಲಿ ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರ ಮುಂದೆ ಎರಡೇ ದಾರಿಗಳನ್ನು ಇಡಲಾಯಿತು. ಒಂದು ಜ್ಞಾನಸ್ನಾನ, ಇನ್ನೊಂದು ದೇಶತ್ಯಾಗ. 1526ರ ವೇಳೆಗೆ ಅರಗಾನ್ ರಾಜ್ಯದಲ್ಲಿಯೂ ಇದೇ ಗತಿಯಾಯಿತು.

ಹೀಗೆ ಬಲವಂತದಿಂದ ಕ್ರೈಸ್ತರಾದವರನ್ನು 'ಮೊರಿಸ್ಕೊ'ಗಳೆಂದು ಕರೆದರು. ಇಲ್ಲಿಯೇ ಆ ವ್ಯವಸ್ಥೆಯ ಕ್ರೂರ ಜಾಣತನವಿರುವುದು. ಇನ್‌ಕ್ವಿಸಿಶನ್‌ಗೆ ವಿಚಾರಣೆ ನಡೆಸುವ ಅಧಿಕಾರವಿದ್ದದ್ದು ಮುಖ್ಯವಾಗಿ ಜ್ಞಾನಸ್ನಾನ ಪಡೆದವರ ಮೇಲೆ. ಮೊದಲು ಬಲವಂತದಿಂದ ತಲೆಗೆ ನೀರು ಸುರಿದರು. ಬಳಿಕ ನೀನು ಒಳ್ಳೆಯ ಕ್ರೈಸ್ತನಲ್ಲ ಎಂದು ಹಿಡಿದೊಯ್ದರು!

ತೆರೆಯ ಮೇಲೆ ಯಾರಿದ್ದಾರೆ?

ಈಗ ಭಯಾನಕ ಚಿತ್ರಗಳಿಗೆ ಮರಳೋಣ. ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ 1842ರಲ್ಲಿ 'ದಿ ಪಿಟ್ ಆ್ಯಂಡ್ ದಿ ಪೆಂಡ್ಯುಲಮ್' ಎಂಬ ಕತೆಯನ್ನು ಬರೆದ. ತೊಲೆದೊ ನಗರದ ಇನ್‌ಕ್ವಿಸಿಶನ್ ಸೆರೆಮನೆಯಲ್ಲಿ ಕೈದಿಯೊಬ್ಬನ ಮೇಲೆ ತೂಗಾಡುತ್ತ ಇಳಿಯುವ ಕತ್ತಿಯ ಕತೆ ಅದು. ಆ ಕೈದಿ ಯಾರು, ಅವನ ಧರ್ಮ ಯಾವುದು, ಅವನ ಮೇಲಿನ ಆರೋಪವೇನು ಎಂಬುದನ್ನು ಪೋ ಹೇಳುವುದೇ ಇಲ್ಲ. ಅಷ್ಟೇ ಅಲ್ಲ, ಅಂತಹ ಕತ್ತಿಯನ್ನು ಆ ಪೀಠ ಬಳಸಿತ್ತು ಎಂಬುದಕ್ಕೆ ವಿಶ್ವಾಸಾರ್ಹ ದಾಖಲೆಗಳಿಲ್ಲ. ಆದರೂ ಜಗತ್ತಿನ ಕಲ್ಪನೆಯಲ್ಲಿ ಇನ್‌ಕ್ವಿಸಿಶನ್ ಎಂದರೆ ಆ ಕತ್ತಿ.

1961ರಲ್ಲಿ ರೋಜರ್ ಕಾರ್ಮನ್ ಇದೇ ಹೆಸರಿನಲ್ಲಿ ಚಿತ್ರ ಮಾಡಿದರು. ವಿನ್ಸೆಂಟ್ ಪ್ರೈಸ್ ನಾಯಕ. ಹದಿನಾರನೆಯ ಶತಮಾನದ ಸ್ಪೇನ್, ಸಮುದ್ರ ತೀರದ ಕೋಟೆ, ನೆಲಮಾಳಿಗೆಯ ತುಂಬ ಚಿತ್ರಹಿಂಸೆಯ ಉಪಕರಣಗಳು. ಆದರೆ ಕತೆ ಯಾವುದು? ವಿಚಾರಣಾಧಿಕಾರಿಯೊಬ್ಬ ಪರಪುರುಷನ ಸಂಗ ಮಾಡಿದ ತನ್ನ ಹೆಂಡತಿಯನ್ನು ಕೊಂದದ್ದು, ಅದನ್ನು ಕಂಡ ಮಗ ಮುಂದೆ ಹುಚ್ಚನಾದದ್ದು. ಸಾವಿರಾರು ಜನರ ಸಂಕಟದ ಕೋಣೆ ಒಂದು ಶ್ರೀಮಂತ ಮನೆತನದ ಹಾದರದ ಕತೆಗೆ ರಂಗಸಜ್ಜಿಕೆಯಾಯಿತು.

1991ರಲ್ಲಿ ಸ್ಟುವರ್ಟ್ ಗಾರ್ಡನ್ ಮತ್ತೆ ಅದೇ ಹೆಸರಿನಲ್ಲಿ ಇನ್ನೊಂದು ಚಿತ್ರ ಮಾಡಿದರು. ಇದರಲ್ಲಿ ಸಾಕ್ಷಾತ್ ತೊರ್ಕೆಮಾದನೇ ಖಳನಾಯಕ. ಕತೆ ನಡೆಯುವ ವರ್ಷ 1492. ಗ್ರಾನಡಾ ಬಿದ್ದ ವರ್ಷ, ಯಹೂದಿಯರ ಮನೆಗಳು ಬರಿದಾದ ವರ್ಷ! ಇಂತಹ ವರ್ಷವನ್ನು ಆರಿಸಿಕೊಂಡ ಚಿತ್ರದ ನಾಯಕಿ ಯಾರು? ಕ್ರೈಸ್ತ ರೊಟ್ಟಿಗಾರನೊಬ್ಬನ ಚೆಲುವೆ ಹೆಂಡತಿ. ಅವಳ ಮೇಲಿನ ಆರೋಪ ಮಾಟಗಾತಿ ಎಂದು. ತೊರ್ಕೆಮಾದನಿಗೆ ಅವಳ ಮೇಲೆ ಮೋಹ. ಒಂದು ಜನಾಂಗದ ಬೇರನ್ನು ಕಿತ್ತ ಮನುಷ್ಯನ ದೋಷ ಕೊನೆಗೆ ಹತ್ತಿಕ್ಕಿದ ಕಾಮ ಎಂದಾಯಿತು.

ಮಾಟಗಾತಿಯರೆಂಬ ಹೆಸರಿನಲ್ಲಿ ಯುರೋಪಿನ ಹೆಂಗಸರು ಅನುಭವಿಸಿದ ಯಾತನೆಯನ್ನು ನಾವು ಕಿರಿದಾಗಿಸುತ್ತಿಲ್ಲ. ಜರ್ಮನಿಯ ಸಂಸ್ಥಾನಗಳಲ್ಲಿ, ಸ್ಕಾಟ್ಲೆಂಡಿನಲ್ಲಿ ಅಂಥವರನ್ನು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಲಾಯಿತು. ಆದರೆ ಸ್ಪೇನಿನ ಇನ್‌ಕ್ವಿಸಿಶನ್ ಮಾಟದ ಆರೋಪಗಳ ಬಗ್ಗೆ ತಕ್ಕಮಟ್ಟಿಗೆ ಸಂಶಯಶೀಲವಾಗಿತ್ತು. 1610ರಲ್ಲಿ ಲೊಗ್ರೊನ್ಯೊ ನಗರದಲ್ಲಿ ಕೆಲವರನ್ನು ಮಾಟಗಾರರೆಂದು ಸುಟ್ಟ ಬಳಿಕ, ಸಲಾಸಾರ್ ಎಂಬ ವಿಚಾರಣಾಧಿಕಾರಿಯೇ ಊರೂರು ಸುತ್ತಿ ಈ ಆರೋಪಗಳಿಗೆ ಆಧಾರವಿಲ್ಲವೆಂದು ವರದಿ ಕೊಟ್ಟ. 1614ರಲ್ಲಿ ಅಂತಹ ಮೊಕದ್ದಮೆಗಳಿಗೆ ಕಟ್ಟುನಿಟ್ಟಾದ ನಿಯಮಗಳು ಬಂದವು. ವಿಪರ್ಯಾಸವನ್ನು ನೋಡಿ. ಆ ಪೀಠ ಯಾರ ವಿಷಯದಲ್ಲಿ ತುಸು ವಿವೇಕ ತೋರಿತೋ ಅವರೇ ತೆರೆಯ ಮೇಲೆ ಅದರ ಮುಖ್ಯ ಬಲಿಪಶುಗಳು. ಯಾರ ವಿಷಯದಲ್ಲಿ ಕರುಣೆಯನ್ನೇ ತೋರಲಿಲ್ಲವೋ ಅವರು ತೆರೆಯಿಂದಲೇ ಮಾಯ!

ನಿಜವಾದ ಭಯ ಎಲ್ಲಿತ್ತು?

ಭಯಾನಕ ಚಿತ್ರ ಮಾಡುವವರಿಗೆ ಭಯವೇ ಬೇಕಾಗಿದ್ದರೆ ಮೊರಿಸ್ಕೊಗಳ ಬದುಕಿನಲ್ಲಿ ಅದಕ್ಕೆ ಬರವಿರಲಿಲ್ಲ. ಆರೋಪಿಗೆ ದೂರು ಕೊಟ್ಟವರ ಹೆಸರನ್ನು ತಿಳಿಸುತ್ತಿರಲಿಲ್ಲ. ನೆರೆಯವನೇ, ಮನೆಯ ಕೆಲಸದಾಕೆಯೇ, ಜಗಳವಾಡಿದ ಸಂಬಂಧಿಯೇ ಎಂದು ಸೆರೆಯಲ್ಲಿ ಕುಳಿತು ಊಹಿಸಬೇಕಿತ್ತು. ಹಂದಿ ಮಾಂಸ ತಿನ್ನಲು ಹಿಂಜರಿದದ್ದು, ಶುಕ್ರವಾರ ಒಗೆದ ಬಟ್ಟೆ ಧರಿಸಿದ್ದು, ಕೈಗೆ ಮದರಂಗಿ ಹಚ್ಚಿದ್ದು, ಹಗಲು ಊಟ ಬಿಟ್ಟದ್ದು, ಮೈ ತೊಳೆದದ್ದು ಎಲ್ಲವೂ ಸಾಕ್ಷ್ಯವೇ. ನಮ್ಮ ಮನೆಗಳ ದಿನಚರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಇದರಲ್ಲಿ ಯಾವುದು ಅಪರಾಧ?

1567ರಲ್ಲಿ ರಾಜ ಎರಡನೆಯ ಫಿಲಿಪ್‌ನ ಆಜ್ಞೆ ಜಾರಿಗೆ ಬಂತು. ಮೂರು ವರ್ಷಗಳೊಳಗೆ ಅರಬೀ ಭಾಷೆಯನ್ನು ಬಿಡಬೇಕು. ಹೆಂಗಸರು ಮುಖಪರದೆ ಹಾಕಬಾರದು. ಸ್ನಾನಗೃಹಗಳನ್ನು ಮುಚ್ಚಬೇಕು. ಶುಕ್ರವಾರಗಳಂದು, ಹಬ್ಬಗಳಂದು ಮನೆಯ ಬಾಗಿಲುಗಳನ್ನು ತೆರೆದಿಡಬೇಕು. ಮನೆಯೊಳಗೆ ಯಾರಾದರೂ ನಮಾಝ್ ಮಾಡುತ್ತಿದ್ದಾರೆಯೇ ಎಂದು ಬೀದಿಯವರು ನೋಡಬೇಕಲ್ಲ! ಭಯಾನಕ ಚಿತ್ರಗಳಲ್ಲಿ ಬಾಗಿಲು ತಾನಾಗಿ ತೆರೆದುಕೊಂಡರೆ ಪ್ರೇಕ್ಷಕರು ಬೆಚ್ಚುತ್ತಾರೆ. ಬಾಗಿಲು ಮುಚ್ಚಿದ್ದೇ ಅಪರಾಧವಾದ ಮನೆಯಲ್ಲಿ ಮಕ್ಕಳನ್ನು ಬೆಳೆಸಿದ ತಾಯಂದಿರ ಭಯ ಅದಕ್ಕಿಂತ ಕಡಿಮೆಯೇ?

ಮೊರಿಸ್ಕೊಗಳು ತಮ್ಮ ದೀನನ್ನು ಸ್ಪೇನಿನ ಭಾಷೆಯಲ್ಲಿ, ಆದರೆ ಅರಬೀ ಲಿಪಿಯಲ್ಲಿ ಬರೆದು ಬಚ್ಚಿಟ್ಟರು. ಅಂತಹ ಹಸ್ತಪ್ರತಿಗಳ ರಾಶಿಯೊಂದು 1884ರಲ್ಲಿ ಅರಗಾನಿನ ಅಲ್ಮೊನಾಸಿದ್ ಎಂಬ ಊರಿನಲ್ಲಿ, ಹಳೆಯ ಮನೆಯೊಂದನ್ನು ಕೆಡವುವಾಗ ಹುಸಿ ನೆಲದ ಅಡಿಯಲ್ಲಿ ಸಿಕ್ಕಿತು. ಬಚ್ಚಿಟ್ಟವರು ಮರಳಿ ಬರಲಿಲ್ಲ. ಏಕೆಂದರೆ 1609ರಿಂದ 1614ರ ನಡುವೆ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ಹಡಗುಗಳಿಗೆ ತುಂಬಿ ಉತ್ತರ ಆಫ್ರಿಕದತ್ತ ಅಟ್ಟಲಾಯಿತು. ಅನೇಕ ಎಳೆಯ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಕ್ರೈಸ್ತ ಮನೆಗಳಲ್ಲಿ ಉಳಿಸಿಕೊಳ್ಳಲಾಯಿತು. ಮಠದ ನೆಲಮಾಳಿಗೆಯಲ್ಲಿ ಪಿಶಾಚಿಯನ್ನು ಹುಡುಕಿದ ಕ್ಯಾಮೆರಾಕ್ಕೆ ಈ ನೆಲದಡಿಯ ಗ್ರಂಥಗಳು ಕಾಣಲಿಲ್ಲ.

ಶೈತಾನನ ಪಾಲೆಷ್ಟು?

ಬಲಿಪಶುವನ್ನು ಮರೆಮಾಡಿದ ಸಿನಿಮಾ 2023ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಪರಾಧಿಯನ್ನೂ ಮರೆಮಾಡಿತು. ಪಾಪವನ್ನು ಪಿಶಾಚಿಯ ತಲೆಗೆ ಕಟ್ಟಿತು. ನಮ್ಮ ಆಕ್ಷೇಪ ಇಲ್ಲಿ ಕೇವಲ ಸಮುದಾಯದ್ದಲ್ಲ, ನಂಬಿಕೆಯದ್ದು. ಶೈತಾನನಿದ್ದಾನೆಂದು ನಾವೂ ನಂಬುತ್ತೇವೆ. ಆದರೆ ಅಂತಿಮ ವಿಚಾರಣೆಯ ದಿನ ಶೈತಾನನೇ ಕೈಝಾಡಿಸುವನೆಂದು ಪವಿತ್ರ ಕುರ್‌ಆನಿನ 'ಇಬ್ರಾಹೀಮ್' ಅಧ್ಯಾಯ ತಿಳಿಸುತ್ತದೆ. ತಾನು ಕರೆದದ್ದು ಮಾತ್ರ, ಓಗೊಟ್ಟು ಬಂದವರು ನೀವು, ಆದುದರಿಂದ ನಿಮ್ಮನ್ನೇ ಹಳಿದುಕೊಳ್ಳಿ ಎಂಬ ಅರ್ಥದ ಮಾತನ್ನು ಅವನು ಆಡುವನು. ಅಧಿಕಾರ, ಆಸ್ತಿಯ ದುರಾಸೆ, ರಕ್ತಶುದ್ಧಿಯ ಅಹಂಕಾರ, ಒಂದೇ ಧರ್ಮದ ರಾಷ್ಟ್ರವನ್ನು ಕಟ್ಟುವ ಹುಚ್ಚು, ಇವು ಮನುಷ್ಯರ ಆಯ್ಕೆಗಳು. ಆಯ್ಕೆ ಮನುಷ್ಯನದ್ದಾದಾಗ ಮಾತ್ರ ನ್ಯಾಯ, ಪಶ್ಚಾತ್ತಾಪ, ಪರಿಹಾರಗಳಿಗೆ ಅರ್ಥವಿದೆ. ಪಿಶಾಚಿಯ ಮೇಲೆ ಮೊಕದ್ದಮೆ ಹೂಡಲು ಯಾವ ನ್ಯಾಯಾಲಯವಿದೆ?

ಮರೆವಿಗೆ ಬೆಲೆಯಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1492ರಲ್ಲಿ ಹೊರಹಾಕಿದ ಯಹೂದಿಯರ ವಂಶಸ್ಥರಿಗೆ ಪೌರತ್ವ ನೀಡುವ ಕಾನೂನನ್ನು ಸ್ಪೇನ್ 2015ರಲ್ಲಿ ತಂದಿತು. ಅರ್ಜಿಯ ಅವಧಿ 2019ರಲ್ಲಿ ಮುಗಿಯಿತು. ಅದು ನ್ಯಾಯವಾದ ಕೆಲಸ, ಅದನ್ನು ಮೆಚ್ಚಬೇಕು. ಆದರೆ ಮೊರಿಸ್ಕೊಗಳ ವಂಶಸ್ಥರಿಗೆ ಅಂತಹ ಕಾನೂನು ಬರಲಿಲ್ಲ. ಜಗತ್ತಿನ ನೆನಪಿನಲ್ಲಿ ಯಾರ ನೋವು ದಾಖಲಾಗಿಲ್ಲವೋ ಅವರ ಹಕ್ಕು ಕಾನೂನಿನಲ್ಲಿಯೂ ದಾಖಲಾಗುವುದು ಕಷ್ಟ.

ಒಂದು ಮುಸ್ಲಿಮ್ ಮುಖ ಸಾಕೇ?

ಈಚಿನ ವರ್ಷಗಳಲ್ಲಿ ಹಾಲಿವುಡ್‌ನಲ್ಲಿ ವೈವಿಧ್ಯದ ಮಾತು ಜೋರಾಗಿದೆ. ಎಲ್ಲ ಬಣ್ಣದವರೂ ಎಲ್ಲ ಧರ್ಮದವರೂ ತೆರೆಯ ಮೇಲಿರಬೇಕೆಂಬುದು ಒಳ್ಳೆಯ ಆಶಯವೇ. ಆದರೆ ಇದರಲ್ಲಿಯೂ ಒಂದು ಮೋಸವಿದೆ. 1991ರ 'ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್' ಚಿತ್ರದಲ್ಲಿ ಮಾರ್ಗನ್ ಫ್ರೀಮನ್ ಅಝೀಮ್ ಎಂಬ ಮುಸ್ಲಿಮನ ಪಾತ್ರ ಮಾಡಿದರು. ಜಾಣ, ಶೂರ, ನಮಾಝಿ. ನಮ್ಮ ಜನರಿಗೆ ಹಿಗ್ಗಾದದ್ದು ಸಹಜ. ಆದರೆ ಆ ಅಝೀಮನ ಕೆಲಸ ಬಿಳಿಯ ನಾಯಕನ ಬೆನ್ನು ಕಾಯುವುದು. ನಾಳೆ ಇನ್‌ಕ್ವಿಸಿಶನ್‌ನ ಯಾವುದೋ ಭಯಾನಕ ಚಿತ್ರದಲ್ಲಿ ಇಂತಹ ಒಬ್ಬ ಗಡ್ಡದ ಹಕೀಮನನ್ನು ಮೂಲೆಯಲ್ಲಿ ನಿಲ್ಲಿಸಿದರೆ ನಾವು ತೃಪ್ತರಾಗಬೇಕೇ? ಬೇಡ. ನಮಗೆ ಬೇಕಾದದ್ದು ಅಲಂಕಾರದ ಪಾತ್ರವಲ್ಲ. ಯಾರ ಮೇಲೆ ಅನ್ಯಾಯವಾಯಿತು, ಯಾರು ಮಾಡಿದರು, ಏಕೆ ಮಾಡಿದರು ಎಂಬ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ. ಆ ಉತ್ತರದಲ್ಲಿ ಯಹೂದಿಯೂ ಇರಬೇಕು, ಮುಸ್ಲಿಮನೂ ಇರಬೇಕು, ಪೀಠಕ್ಕೆ ಎದುರು ನಿಂತ ಕ್ರೈಸ್ತನೂ ಇರಬೇಕು.

ನಮ್ಮ ಮುಂದಿನ ಕನ್ನಡಿ

ಆದರೆ ಸಹೋದರ ಸಹೋದರಿಯರೇ, ಈ ಬೇಡಿಕೆಯನ್ನು ಮುಂದಿಡುವ ಮೊದಲು ನಮ್ಮ ಮನೆಯ ಕನ್ನಡಿಯನ್ನೂ ಒರೆಸಬೇಕಾಗಿದೆ. ನ್ಯಾಯದ ಸಾಕ್ಷಿಗಳಾಗಿರಿ, ಅದು ನಿಮ್ಮ ವಿರುದ್ಧವೇ, ನಿಮ್ಮ ಹೆತ್ತವರ ವಿರುದ್ಧವೇ ಇದ್ದರೂ ಸರಿ ಎಂಬುದು ಕುರ್‌ಆನಿನ ಆದೇಶದ ಸಾರ. ಇದನ್ನು ನಾವು ಪಾಲಿಸಿದ್ದೇವೆಯೇ?

ನಮ್ಮ ಭಾಷಣಕಾರರ ಬಾಯಲ್ಲಿ ಸ್ಪೇನ್ ಎಂದರೆ ಅಲ್‌ಹಂಬ್ರಾ ಅರಮನೆ, ಕಾರ್ಡೋವಾದ ಗ್ರಂಥಾಲಯ, ಕೊನೆಗೊಂದು ನಿಟ್ಟುಸಿರು. ಅದೇ ಕಾರ್ಡೋವಾವನ್ನು ಹನ್ನೆರಡನೆಯ ಶತಮಾನದಲ್ಲಿ ಮುವಹ್ಹಿದ್ ಆಡಳಿತಗಾರರು ಗೆದ್ದಾಗ ಯಹೂದಿ ಮತ್ತು ಕ್ರೈಸ್ತರಿಗೆ ಧರ್ಮ ಬದಲಿಸುವ ಒತ್ತಡ ಬಂತು. ಮಹಾಪಂಡಿತ ಮೂಸಾ ಇಬ್ನ್ ಮೈಮೂನರ ಕುಟುಂಬ ಊರು ಬಿಡಬೇಕಾಯಿತು. ಅವರಿಗೆ ಮುಂದೆ ಗೌರವದ ಬದುಕು ದೊರೆತದ್ದೂ ಮುಸ್ಲಿಮ್ ಆಡಳಿತದ ಈಜಿಪ್ತಿನಲ್ಲಿಯೇ ಎಂಬುದು ಸಮಾಧಾನದ ಮಾತು. ಆದರೆ ಮೊದಲಿನ ಅನ್ಯಾಯವನ್ನು ಅದು ಅಳಿಸುವುದಿಲ್ಲ. ಇನ್ನೂ ಹಿಂದೆ, 833ರಲ್ಲಿ ಖಲೀಫ ಮಅ್‌ಮೂನ್ ವಿದ್ವಾಂಸರ ನಂಬಿಕೆಯನ್ನು ಪರೀಕ್ಷಿಸುವ 'ಮಿಹ್ನಾ' ವಿಚಾರಣೆಯನ್ನು ಆರಂಭಿಸಿದ. ಅವನ ಉತ್ತರಾಧಿಕಾರಿಯ ಕಾಲದಲ್ಲಿ ಇಮಾಮ್ ಅಹ್ಮದ್ ಬಿನ್ ಹಂಬಲ್‌ರ ಬೆನ್ನಿನ ಮೇಲೆ ಚಾವಟಿ ಆಡಿತು. ಚಾವಟಿ ಹಿಡಿದವರು ಯಾವ ಕಲಿಮಾ ಹೇಳುತ್ತಿದ್ದರು? ನಾಳೆ ಯಾರಾದರೂ ಮಿಹ್ನಾದ ಮೇಲೆ ಭಯಾನಕ ಚಿತ್ರ ಮಾಡಿದರೆ, ಅದು ಸತ್ಯಕ್ಕೆ ನಿಷ್ಠವಾಗಿದ್ದರೂ, ನಾವು ಬೀದಿಗಿಳಿದು ಕೂಗುವುದಿಲ್ಲವೇ?

ಉತ್ಪ್ರೇಕ್ಷೆಯೂ ನಮ್ಮ ಇನ್ನೊಂದು ರೋಗ. ಇನ್‌ಕ್ವಿಸಿಶನ್ ಲಕ್ಷಾಂತರ ಜನರನ್ನು ಸುಟ್ಟಿತೆಂದು ನಮ್ಮವರು ಧಾರಾಳವಾಗಿ ಬರೆಯುತ್ತಾರೆ. ಇಂದಿನ ಇತಿಹಾಸಕಾರರ ಹೆಚ್ಚಿನ ಅಂದಾಜುಗಳ ಪ್ರಕಾರ ಮರಣದಂಡನೆಗೆ ಗುರಿಯಾದವರು ಕೆಲವು ಸಾವಿರ. ಅನ್ಯಾಯವನ್ನು ಅನ್ಯಾಯವೆನ್ನಲು ಲಕ್ಷದ ಲೆಕ್ಕ ಬೇಕಾಗಿಲ್ಲ. ಸುಳ್ಳು ಲೆಕ್ಕ ಹೇಳಿದವನ ಸತ್ಯವನ್ನೂ ಲೋಕ ನಂಬುವುದಿಲ್ಲ.

ನಮ್ಮ ಕರಾವಳಿಗೂ ಈ ಚರಿತ್ರೆಯ ನಂಟಿದೆ. ಪೋರ್ಚುಗೀಸರು 1560ರಲ್ಲಿ ಗೋವಾದಲ್ಲಿ ತಮ್ಮ ಇನ್‌ಕ್ವಿಸಿಶನ್ ಸ್ಥಾಪಿಸಿದರು. ನಡುವೆ ಕೆಲವು ವರ್ಷಗಳ ಬಿಡುವು ಬಿಟ್ಟರೆ 1812ರವರೆಗೆ ಅದು ನಡೆಯಿತು. ಹಳೆಯ ಹಿಂದೂ ಆಚರಣೆಗಳನ್ನು ಬಿಡದ ಹೊಸ ಕ್ರೈಸ್ತರೇ ಅದರ ಮುಖ್ಯ ಬಲಿಪಶುಗಳು. 1684ರಲ್ಲಿ ಅಲ್ಲಿನ ವೈಸ್‌ರಾಯ್ ಮೂರು ವರ್ಷಗಳಲ್ಲಿ ಕೊಂಕಣಿಯನ್ನು ಬಿಡಬೇಕೆಂದು ಆಜ್ಞೆ ಮಾಡಿದ. ಗ್ರಾನಡಾದ ಅರಬೀ ಭಾಷೆಗೆ ಕೊಟ್ಟದ್ದೂ ಮೂರೇ ವರ್ಷವಲ್ಲವೇ! ಇಂದು ಮಂಗಳೂರಿನಲ್ಲಿ ಕೊಂಕಣಿ ಮಾತನಾಡುವ ನಮ್ಮ ಕ್ರೈಸ್ತ ನೆರೆಯವರ ಪೂರ್ವಜರಲ್ಲಿ ಅನೇಕರು ಗೋವಾ ಬಿಟ್ಟು ಬಂದವರು. ಬರ, ತೆರಿಗೆ, ಯುದ್ಧಗಳ ಜೊತೆಗೆ ಈ ಪೀಠದ ಭಯವೂ ಅವರನ್ನು ಓಡಿಸಿತು. ಆದುದರಿಂದ ಇನ್‌ಕ್ವಿಸಿಶನ್‌ನ ಹೆಸರು ಹೇಳಿ ನೆರೆಮನೆಯ ಕ್ರೈಸ್ತನತ್ತ ಬೆರಳು ತೋರುವವರು ಅವನೂ ಅದರಿಂದ ನೊಂದವರ ಮೊಮ್ಮಗನಿರಬಹುದೆಂದು ತಿಳಿಯಲಿ.

ಅದೇ ಕ್ರೈಸ್ತರನ್ನು 1784ರಲ್ಲಿ ಟಿಪ್ಪು ಸುಲ್ತಾನರು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಬ್ರಿಟಿಷರೊಡನೆ ನಡೆದ ಯುದ್ಧ, ಶತ್ರುಗಳಿಗೆ ನೆರವಾದರೆಂಬ ಸಂಶಯ ಮುಂತಾದ ಕಾರಣಗಳನ್ನು ನಾವು ಹೇಳುತ್ತೇವೆ. ಬ್ರಿಟಿಷರ ವಿರುದ್ಧ ಹೋರಾಡಿ ರಣರಂಗದಲ್ಲಿ ಮಡಿದ ಆ ಅರಸನ ಬಗ್ಗೆ ನಮಗಿರುವ ಅಭಿಮಾನ ಸಹಜವಾದದ್ದು. ಆದರೆ ಹಾದಿಯಲ್ಲಿ ಸತ್ತ ಮಗುವಿಗೆ ಯುದ್ಧದ ರಾಜಕೀಯ ಗೊತ್ತಿರಲಿಲ್ಲ. ಅವರ ನೋವನ್ನು ನಾವು ಒಪ್ಪಿಕೊಂಡ ದಿನ, ಮೊರಿಸ್ಕೊ ಮಗುವಿನ ನೋವನ್ನು ಒಪ್ಪಿಕೊಳ್ಳಿರೆಂದು ಕೇಳುವ ನಮ್ಮ ದನಿಗೆ ಬಲ ಬರುತ್ತದೆ.

ಮುಂದೇನು? ಬಹಿಷ್ಕಾರದ ಕರೆ, ಪ್ರತಿಕೃತಿ ದಹನಗಳಿಂದ ಯಾವ ಚಿತ್ರವೂ ತಿದ್ದಿಕೊಂಡಿಲ್ಲ. ಸಮುದಾಯದ ಶ್ರೀಮಂತರು ಶಾದಿಮಹಲುಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಗ್ರಂಥಾಲಯಗಳಿಗೆ ಹೋಗಲಿ. ಇತಿಹಾಸ, ಸಾಹಿತ್ಯ, ಸಿನಿಮಾ ಕಲಿಯಬಯಸುವ ಹುಡುಗ ಹುಡುಗಿಯರನ್ನು ಹಂಗಿಸದೆ ಓದಿಸೋಣ. ಮನೆಯಲ್ಲಿ ಮಗ ಅಂತಹ ಚಿತ್ರವನ್ನು ನೋಡುತ್ತಿದ್ದರೆ ಮೊಬೈಲ್ ಕಿತ್ತುಕೊಂಡು ಸುಮ್ಮನಾಗುವ ಬದಲು ಪಕ್ಕದಲ್ಲಿ ಕುಳಿತು ಕೇಳೋಣ: ಆ ಸೆರೆಮನೆಯಲ್ಲಿ ನಿಜವಾಗಿ ಯಾರಿದ್ದರು? ಬೀಗದ ಕೈ ಯಾರ ಬಳಿ ಇತ್ತು? ಈ ಎರಡು ಪ್ರಶ್ನೆಗಳನ್ನು ಕಲಿತ ಮಗು ನಾಳೆ ಯಾವ ದೇಶದಲ್ಲಿ, ಯಾರ ಮೇಲೆ, ಯಾರ ಹೆಸರಿನಲ್ಲಿ ಅನ್ಯಾಯ ನಡೆದರೂ ಪಿಶಾಚಿಯ ನೆವವನ್ನು ನಂಬದು. ಅನ್ಯಾಯ ಮಾಡಿದವರು ತನ್ನವರೇ ಆಗಿದ್ದರೂ ನಂಬದು.